ವೇಗಕ್ಕೆ ಹಣ, ಆಳಕ್ಕೆ ಹೊತ್ತು

‘ನಿಮ್ಮ ಮಗು ಚುರುಕಾಗಿದೆ, ಚೆನ್ನಾಗಿ ಓದಿಸಿ’ ಎಂದು ಮೇಷ್ಟ್ರು ಹೇಳಿದ ದಿನವೇ ಮನೆಯಲ್ಲಿ ಖರ್ಚಿನ ಲೆಕ್ಕ ಶುರುವಾಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮನೆಗಳಲ್ಲಿ ಆ ಲೆಕ್ಕ ಹರಾಜು ಕಟ್ಟೆಯ ದರವನ್ನು ನೆಚ್ಚಿಕೊಂಡಿರುತ್ತದೆ. ಕೆ.ಆರ್. ನಗರದ ಗದ್ದೆಬಯಲಿನಲ್ಲಿ ನಾಲೆಗೆ ನೀರು ಬಿಡುವ ದಿನವನ್ನು, ಎಚ್.ಡಿ. ಕೋಟೆಯಲ್ಲಿ ಮಳೆ, ಶುಂಠಿ, ಕೂಲಿಯನ್ನು. ದುಡ್ಡು ಕೈಗೆ ಬಂದ ಹೊತ್ತಿಗೆ ಮೈಸೂರಿನ ವಸತಿ ಶಾಲೆ, ಪಟ್ಟಣದ ಕೋಚಿಂಗ್, ಕಂತಿನ ಮೇಲೆ ಸಿಗುವ ಟ್ಯಾಬ್ಲೆಟ್ ಪಾಠ, ಹೀಗೆ ಹಲವು ದಾರಿಗಳು ಕಣ್ಣಮುಂದೆ ಬರುತ್ತವೆ. ಹೊರಗಿನಿಂದ ಬೇರೆ ಬೇರೆಯಾಗಿ ಕಂಡರೂ ಇವುಗಳಲ್ಲಿ ಬಹುಪಾಲು ಮಾರುವುದು ಒಂದನ್ನೇ: ಮುಂದಿನ ವರ್ಷದ ಪಾಠವನ್ನು ಈ ವರ್ಷವೇ ಕಲಿಸುವ ವೇಗವನ್ನು. ಚುರುಕು ಮಗುವಿಗೆ ವೇಗ ಮೊದಲೇ ಇದೆ. ಅದಕ್ಕೆ ಬೇಕಾದದ್ದು ಆಳ, ಒಂದು ಪ್ರಶ್ನೆಯನ್ನು ಹಿಡಿದು ಅದರ ಬುಡದವರೆಗೆ ಹೋಗುವ ಅವಕಾಶ. ವೇಗ ದುಬಾರಿ, ಆಳ ಅಗ್ಗ. ಆಳಕ್ಕೆ ಬೇಕಾದ ಸಾಮಗ್ರಿಯಲ್ಲಿ ಹೆಚ್ಚಿನದು ಈ ನಾಲ್ಕು ತಾಲ್ಲೂಕುಗಳಲ್ಲಿ ಪುಕ್ಕಟೆಯಾಗಿಯೇ ಇದೆ. ಅದನ್ನು ಎಲ್ಲಿ ಹುಡುಕಬೇಕು, ಯಾವ ಕ್ರಮದಲ್ಲಿ ಬಳಸಬೇಕು ಎಂದು ಹೇಳುವುದು ಈ ಲೇಖನದ ಉದ್ದೇಶ.

ಆಳ ಎಂದರೇನು ಎನ್ನುವುದಕ್ಕೆ ಇಲ್ಲಿಯದೇ ಒಂದು ಉದಾಹರಣೆ ಕೊಡಬಹುದು. ಮಳೆಗಾಲದಲ್ಲಿ ದಿನಪತ್ರಿಕೆಗಳು ಜಲಾಶಯಗಳ ಮಟ್ಟವನ್ನು ಅಚ್ಚು ಹಾಕುತ್ತವೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು 2284 ಅಡಿ. ಕೆಆರ್‌ಎಸ್ ಕಬಿನಿಗಿಂತ ದೊಡ್ಡ ಅಣೆಕಟ್ಟೆ, ಹಾಗಿರುವಾಗ ಕಬಿನಿಯ ಅಂಕಿ ಹದಿನೆಂಟು ಪಟ್ಟು ದೊಡ್ಡದೇಕೆ? ಒಂದನ್ನು ನದಿಯ ತಳದಿಂದ ಅಳೆಯುತ್ತಾರೆ, ಇನ್ನೊಂದನ್ನು ಸಮುದ್ರಮಟ್ಟದಿಂದ. ಇಷ್ಟು ತಿಳಿದ ಮಗು ಅಲ್ಲಿಗೆ ನಿಲ್ಲುವುದಿಲ್ಲ. ಸಮುದ್ರಮಟ್ಟವನ್ನು ಮೈಸೂರು ಜಿಲ್ಲೆಯಲ್ಲಿ ಕುಳಿತು ಅಳೆಯುವುದು ಹೇಗೆ, ಟಿಎಂಸಿ ಎಂದರೆ ಎಷ್ಟು ನೀರು, ಕ್ಯುಸೆಕ್ ಎಂದರೇನು ಎಂದು ಕೇಳುತ್ತಾ ಹೋಗುತ್ತದೆ. ಒಂದು ಸೆಕೆಂಡಿಗೆ ಒಂದು ಘನ ಅಡಿಯಂತೆ ಹರಿದರೆ ದಿನಕ್ಕೆ 86,400 ಘನ ಅಡಿ. ಹಾಗಾದರೆ ನೂರು ಕೋಟಿ ಘನ ಅಡಿ, ಅಂದರೆ 1 ಟಿಎಂಸಿ, ಒಂದು ದಿನದಲ್ಲಿ ತುಂಬಲು ಸುಮಾರು 11,574 ಕ್ಯುಸೆಕ್ ಒಳಹರಿವು ಬೇಕು. ಐದನೇ ತರಗತಿಯ ಗುಣಾಕಾರ, ಭಾಗಾಕಾರ ಸಾಕು ಈ ಲೆಕ್ಕಕ್ಕೆ. ಇದಕ್ಕಾದ ಖರ್ಚು ಒಂದು ಹಳೆಯ ಪತ್ರಿಕೆ. ಆದರೆ ಇದರಲ್ಲಿ ಗಣಿತ, ಭೂಗೋಳ, ಊರಿನ ಬದುಕು ಮೂರೂ ಒಂದೇ ಕಡೆ ಸೇರಿವೆ, ಮತ್ತು ಮಗುವಿನ ಮನೆಯ ಗದ್ದೆಗೂ ಇದಕ್ಕೂ ಸಂಬಂಧವಿದೆ.

ಚುರುಕು ಎಂದರೆ ಅಂಕವಷ್ಟೇ ಅಲ್ಲ

ಸಾಮಗ್ರಿ ಹುಡುಕುವುದಕ್ಕೆ ಮುಂಚೆ ಯಾವ ಮಗುವಿಗಾಗಿ ಹುಡುಕುತ್ತಿದ್ದೇವೆ ಎನ್ನುವುದು ಸ್ಪಷ್ಟವಾಗಬೇಕು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯು ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ಕೆಲಸ ಕೈಗೆತ್ತಿಕೊಂಡಾಗ ಅಂಕಪಟ್ಟಿಯೊಂದನ್ನೇ ನೆಚ್ಚಲಿಲ್ಲ. ತರಗತಿಯಲ್ಲಿ ಮಗು ಹೇಗೆ ನಡೆದುಕೊಳ್ಳುತ್ತದೆ ಎಂಬ ಶಿಕ್ಷಕರ ಗಮನಿಕೆಗೂ ತೂಕ ಕೊಟ್ಟಿತು. ಅದಕ್ಕೆ ಕಾರಣವಿದೆ. ಅಂಕ ತೆಗೆಯುವ ಮಗು ಚುರುಕಾಗಿರಬಹುದು. ಆದರೆ ಪಾಠ ಬೇಗ ಅರ್ಥವಾಗಿ ಬೇಸರದಿಂದ ತಂಟೆ ಮಾಡುವ ಹುಡುಗ, ಒಂದೇ ವಿಷಯದ ಹಿಂದೆ ಬಿದ್ದು ಉಳಿದದ್ದನ್ನು ಮರೆಯುವ ಹುಡುಗಿ, ತರಗತಿಯಲ್ಲಿ ಬಾಯಿ ಬಿಡದೆ ಮನೆಗೆ ಬಂದು ನೂರು ಪ್ರಶ್ನೆ ಕೇಳುವ ಮಗು, ಇವರೂ ಚುರುಕಿನವರೇ. ಹಾಡಿಯ ಜೇನುಕುರುಬ ಮಗುವಿಗೆ ಶಾಲೆಯ ಕನ್ನಡ ಮನೆಯ ಮಾತಲ್ಲ. ಪಠ್ಯದ ಪ್ರಶ್ನೆಗೆ ತಡವರಿಸುವ ಆ ಮಗು ಕಾಡಿನ ಗಿಡ, ಹಕ್ಕಿ, ಹೆಜ್ಜೆ ಗುರುತುಗಳನ್ನು ಬೇರ್ಪಡಿಸಿ ಹೇಳುವಾಗ ತೋರುವ ಜಾಣ್ಮೆಯನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಅದನ್ನು ಪ್ರಶ್ನೆಗಳ ಪುಸ್ತಕವೆಂದು ಕರೆದು ಮಗು ಕೇಳಿದ ಪ್ರಶ್ನೆಯನ್ನು ತಾರೀಖು ಹಾಕಿ ಬರೆಸಿ. ಬರೆಯಲು ಬಾರದ ವಯಸ್ಸಾದರೆ ದೊಡ್ಡವರು ಬರೆದುಕೊಳ್ಳಲಿ. ಎರಡು ಮೂರು ವಾರ ಕಳೆದ ಮೇಲೆ ತಿರುವಿ ನೋಡಿದರೆ ಮಗುವಿನ ಒಲವು ಯಂತ್ರಗಳ ಕಡೆಗೋ, ಪ್ರಾಣಿಗಳ ಕಡೆಗೋ, ಲೆಕ್ಕದ ಕಡೆಗೋ, ಕಥೆಯ ಕಡೆಗೋ ಎನ್ನುವುದು ತಾನಾಗಿ ಕಾಣುತ್ತದೆ. ಯಾವ ಪುಸ್ತಕ ತರಬೇಕು, ಯಾವ ವಿಡಿಯೊ ತೋರಿಸಬೇಕು ಎಂಬುದನ್ನು ಮಾರುಕಟ್ಟೆಯ ಜಾಹೀರಾತು ಹೇಳಬಾರದು. ಈ ನೋಟ್‌ಬುಕ್ಕು ಹೇಳಬೇಕು.

ಪಂಚಾಯಿತಿ ಗ್ರಂಥಾಲಯದಿಂದ ಆರಂಭ

ಗ್ರಾಮ ಪಂಚಾಯಿತಿಗೆ ಕಟ್ಟುವ ಮನೆ ಕಂದಾಯದ ರಸೀದಿಯನ್ನು ಒಮ್ಮೆ ಬಿಡಿಸಿ ನೋಡಿ. ಅದರಲ್ಲಿ ಗ್ರಂಥಾಲಯ ಕರ ಎಂಬ ಬಾಬ್ತು ಇರುತ್ತದೆ, ತೆರಿಗೆಯ ಶೇ 6ರಷ್ಟು. ಅಂದರೆ ಹಳ್ಳಿಯ ಪ್ರತಿ ಮನೆಯೂ ತನ್ನ ಮಕ್ಕಳ ಪುಸ್ತಕಕ್ಕೆ ಈಗಾಗಲೇ ದುಡ್ಡು ಕಟ್ಟಿದೆ. ಕಟ್ಟಿದ ದುಡ್ಡಿನ ಫಲ ಪಡೆಯುವುದಷ್ಟೇ ಬಾಕಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ಕೆಲಸ ನಡೆಯಿತು. ‘ಅರಿವು ಕೇಂದ್ರ’ ಎಂಬ ಫಲಕ ಹೊತ್ತಿರುವ ಕಟ್ಟಡಗಳು ಇವೇ. ಮಗುವನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ದು ಅದರ ಹೆಸರಿನಲ್ಲೇ ಸದಸ್ಯತ್ವ ಮಾಡಿಸುವುದು ಎರಡನೆಯ ಹೆಜ್ಜೆ. ಬೇಕಾದ ಪುಸ್ತಕ ಇಲ್ಲದಿದ್ದರೆ ಬರಿಗೈಯಲ್ಲಿ ಹಿಂದಿರುಗಬೇಡಿ, ಪುಸ್ತಕದ ಹೆಸರನ್ನು ಬರೆದುಕೊಟ್ಟು ಬನ್ನಿ. ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಆ ಸಭೆಯಲ್ಲಿ ಒಂದು ಮಗು ಎದ್ದು ನಿಂತು ‘ನಮ್ಮ ಗ್ರಂಥಾಲಯಕ್ಕೆ ವಿಜ್ಞಾನದ ಪುಸ್ತಕ ಬೇಕು’ ಎಂದು ಕೇಳಿದರೆ ಅದು ದಾಖಲೆಗೆ ಹೋಗುತ್ತದೆ.

ಶಾಲೆಯ ಬೀರುವಿನಲ್ಲೂ ಪುಸ್ತಕಗಳಿರುತ್ತವೆ. ಕಳೆದರೆ ಲೆಕ್ಕ ಕೊಡಬೇಕಲ್ಲ ಎಂಬ ಅಂಜಿಕೆಯಿಂದ ಹಲವು ಕಡೆ ಅವು ಹೊರಬರುವುದಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪೋಷಕರೇ ಸದಸ್ಯರು. ‘ಹರಿದರೆ, ಕಳೆದರೆ ಮೇಷ್ಟ್ರ ತಲೆಗೆ ಕಟ್ಟುವುದಿಲ್ಲ’ ಎಂದು ಸಮಿತಿ ಒಂದು ನಿರ್ಣಯ ಮಾಡಿದರೆ ಬೀರುವಿನ ಬಾಗಿಲು ತೆರೆಯುತ್ತದೆ. ಇದಕ್ಕೆ ಬೇಕಾದದ್ದು ಒಂದು ಸಂಜೆಯ ಮಾತುಕತೆ.

ಗ್ರಂಥಾಲಯದಲ್ಲಿ ಏನು ಕೇಳಬೇಕು? ಮಕ್ಕಳಿಗೆ ಜ್ಞಾನವನ್ನು ತಿಳಿಗನ್ನಡದಲ್ಲಿ ಕೊಡುವ ಕೆಲಸ ನಮ್ಮಲ್ಲಿ ತೊಂಬತ್ತು ವರ್ಷದಷ್ಟು ಹಳೆಯದು. ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕುಳಿತು ರಚಿಸಿದ್ದು 1930ರ ದಶಕದಲ್ಲಿ. ನಿರಂಜನರ ಸಂಪಾದಕತ್ವದಲ್ಲಿ ಬಂದ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ಗೆ ಏಳು ಸಂಪುಟಗಳು. ಕೆಲವು ಅಂಕಿಅಂಶ ಹಳತಾಗಿವೆ ನಿಜ, ಆದರೆ ಒಂದು ವಿಷಯವನ್ನು ಬಿಡಿಸಿ ಹೇಳುವ ಬಗೆ ಹಳತಾಗಿಲ್ಲ. ಹೈಸ್ಕೂಲು ಮುಟ್ಟಿದ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’, ‘ಮಿಲೇನಿಯಂ’ ಸರಣಿ, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೊಡಬಹುದು. ನಾಗರಹೊಳೆಯ ಅಂಚಿನಲ್ಲಿ ಬೆಳೆಯುವ ಮಗುವಿಗೆ ಈ ಪುಸ್ತಕಗಳ ಕಾಡು ದೂರದ್ದಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆ 1978ರಲ್ಲಿ ಆರಂಭವಾದದ್ದು, ಅದರ ಹಳೆಯ ಸಂಚಿಕೆಗಳನ್ನೂ ಕೇಳಿ ಪಡೆಯಿರಿ. ಕೊಳ್ಳುವುದಾದರೆ ಮೈಸೂರಿನ ದಸರಾ ಪುಸ್ತಕ ಮೇಳವನ್ನೋ ನವೆಂಬರ್ ತಿಂಗಳನ್ನೋ ಕಾಯುವುದು ಜಾಣತನ. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಮಾರುವ ರೂಢಿಯಿದೆ.

ಮನೆಯಲ್ಲಿ ಹತ್ತಿಪ್ಪತ್ತು ಪುಸ್ತಕ ಇದ್ದ ಮಾತ್ರಕ್ಕೆ ಏನಾದೀತು ಎಂಬ ಅನುಮಾನ ಸಹಜ. 2010ರಲ್ಲಿ ಪ್ರಕಟವಾದ, 27 ದೇಶಗಳ 70 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಆಧರಿಸಿದ ಒಂದು ಅಧ್ಯಯನ ಇದನ್ನೇ ಕೇಳಿತ್ತು. ಪುಸ್ತಕಗಳಿರುವ ಮನೆಯಲ್ಲಿ ಬೆಳೆದವರು, ಅಪ್ಪ ಅಮ್ಮನ ಓದು, ಉದ್ಯೋಗ ಒಂದೇ ಮಟ್ಟದ್ದಾಗಿದ್ದರೂ, ಹೆಚ್ಚು ವರ್ಷ ಶಾಲೆ ಓದಿರುವುದು ಅದರಲ್ಲಿ ಕಂಡಿತು. ಮುಖ್ಯವಾದ ಮಾತು ಇದು: ಓದು ಕಡಿಮೆ ಇರುವ ತಂದೆತಾಯಿಗಳ ಮಕ್ಕಳಿಗೇ ಈ ಲಾಭ ಹೆಚ್ಚು, ಮತ್ತು ಮೊದಲ ಕೆಲವು ಪುಸ್ತಕಗಳಿಂದ ಬರುವ ಲಾಭ ಆಮೇಲಿನ ಪುಸ್ತಕಗಳಿಗಿಂತ ದೊಡ್ಡದು. ಪುಸ್ತಕವೇ ಕಾರಣವೋ ಅಥವಾ ಪುಸ್ತಕ ಇಟ್ಟುಕೊಳ್ಳುವಂಥ ಮನೆಯ ವಾತಾವರಣ ಕಾರಣವೋ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಗೂಡಿನಲ್ಲಿಟ್ಟ ಪುಸ್ತಕ ತಾನಾಗಿ ಏನೂ ಮಾಡುವುದಿಲ್ಲ, ಅದನ್ನು ತೆಗೆದು ಓದುವ, ಓದಿದ್ದನ್ನು ಮಾತಾಡುವ ಅಭ್ಯಾಸ ಜೊತೆಗಿರಬೇಕು. ಆ ಅಭ್ಯಾಸವನ್ನು ದುಡ್ಡಿಲ್ಲದ ಮನೆಯೂ ಬೆಳೆಸಿಕೊಳ್ಳಬಹುದು ಎನ್ನುವುದರಲ್ಲೇ ನಮಗೆ ಭರವಸೆಯಿದೆ.

ಮೊಬೈಲು: ಇಳಿಸಿಕೊಂಡು ಓದುವ ಸಾಧನ

ಗ್ರಂಥಾಲಯದಲ್ಲಿ ಸಿಗದದ್ದು ಮೊಬೈಲಿನಲ್ಲಿ ಸಿಗುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು. 2024ರ ‘ಅಸರ್’ ಗ್ರಾಮೀಣ ಸಮೀಕ್ಷೆಯ ಪ್ರಕಾರ ದೇಶದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರದಲ್ಲಿ ಅದನ್ನು ಕಲಿಕೆಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಫೋನ್ ಮನೆಯಲ್ಲಿದ್ದರೆ ಸಾಲದು, ಅದನ್ನು ಯಾವುದಕ್ಕೆ ತೆರೆಯಬೇಕು ಎಂಬ ನಿರ್ಧಾರ ಮೊದಲೇ ಆಗಿರಬೇಕು ಎಂದು ಈ ಅಂಕಿಗಳು ಹೇಳುತ್ತವೆ. ನಿಯಮ ಸರಳವಾಗಿರಲಿ: ಪ್ರಶ್ನೆ ನೋಟ್‌ಬುಕ್ಕಿನಲ್ಲಿ ಬರೆದ ಮೇಲೆ ಫೋನ್, ಉತ್ತರ ಸಿಕ್ಕ ಮೇಲೆ ಫೋನ್ ಕೆಳಗೆ. ವಾರಕ್ಕೊಮ್ಮೆ ದೊಡ್ಡವರೊಬ್ಬರು ನೆಟ್‌ವರ್ಕ್ ಇರುವಲ್ಲಿ ಬೇಕಾದ್ದನ್ನು ಇಳಿಸಿಕೊಂಡು, ಮಗು ಅದನ್ನು ಇಂಟರ್‌ನೆಟ್ ಇಲ್ಲದೆ ಓದುವಂತಾದರೆ ಇನ್ನೂ ಒಳ್ಳೆಯದು. ಸಿಗ್ನಲ್ ಸರಿಯಾಗಿ ಸಿಗದ ಕಾಡಂಚಿನ ಹಾಡಿಗಳಿಗೂ ಈ ಕ್ರಮ ಹೊಂದುತ್ತದೆ.

ಇಳಿಸಿಕೊಳ್ಳಬೇಕಾದ ಮೊದಲ ಸಾಮಗ್ರಿ ಎಲ್ಲರೂ ಮರೆಯುವಂಥದ್ದು, ಪಠ್ಯಪುಸ್ತಕ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ 1ರಿಂದ 10ನೇ ತರಗತಿವರೆಗಿನ ಪುಸ್ತಕಗಳು ಉಚಿತವಾಗಿವೆ. ಐದನೇ ತರಗತಿಯ ಮಗು ಗ್ರಹಣದ ಬಗ್ಗೆ ಕೇಳಿದರೆ ಮೇಲಿನ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅದಕ್ಕೆ ಸಂಬಂಧಿಸಿದ ಪುಟಗಳನ್ನು ತೆರೆದು ಕೊಡಿ. ಆ ಪುಸ್ತಕವನ್ನು ಪೂರ್ತಿ ಮುಗಿಸಬೇಕೆಂದು ಕೂರಿಸಿದರೆ ಅದು ವೇಗ. ಒಂದು ಪ್ರಶ್ನೆಯ ಬೆನ್ನು ಹತ್ತಿ ಅದರೊಳಗೆ ಹೋದರೆ ಅದು ಆಳ. ಪುಸ್ತಕ ಒಂದೇ, ಬಳಕೆ ಬೇರೆ. ಪಠ್ಯದ ಪುಟಗಳಲ್ಲಿರುವ ಕ್ಯೂಆರ್ ಕೋಡ್ ಹಿಡಿದರೆ ‘ದೀಕ್ಷಾ’ ವೇದಿಕೆಯ ವಿಡಿಯೊ, ಅಭ್ಯಾಸಗಳು ತೆರೆದುಕೊಳ್ಳುತ್ತವೆ.

ಕಥೆಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಇದೆ. ಅಲ್ಲಿನ ಕನ್ನಡ ಪುಸ್ತಕಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಲಾಗಿದೆ. ಇಳಿಸಿಕೊಳ್ಳುವುದಕ್ಕೂ ಮುದ್ರಿಸುವುದಕ್ಕೂ ಮುಕ್ತ ಪರವಾನಗಿ ಇದೆ. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುವುದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬಹುದು. ಲೆಕ್ಕಕ್ಕೆ ಅಕ್ಷರ ಫೌಂಡೇಷನ್ನಿನ ‘ಬಿಲ್ಡಿಂಗ್ ಬ್ಲಾಕ್ಸ್’ ಆ್ಯಪ್ ಉಚಿತ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಖಾನ್ ಅಕಾಡೆಮಿಯ ಗಣಿತದ ಪಾಠಗಳು ಕನ್ನಡದಲ್ಲಿವೆ. ದೊಡ್ಡ ಮಕ್ಕಳಿಗೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲಿವೆ, ನಿಘಂಟುಗಳು ಮೈಸೂರಿನದೇ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿವೆ. ಕೈಯಿಂದ ಮಾಡಿ ಕಲಿಯುವ ಮಕ್ಕಳಿಗೆ ಅರವಿಂದ ಗುಪ್ತ ಅವರ ಜಾಲತಾಣಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬ್ ತುಂಡುಗಳಿಂದ ತ್ರಿಕೋನ, ಘನ, ಗೋಪುರಗಳನ್ನು ಕಟ್ಟಿ ರೇಖಾಗಣಿತ ಕಲಿಸುವ ವಿಧಾನ ಅವರದು. ಸೈಕಲ್ ಅಂಗಡಿಯೇ ಇಲ್ಲಿ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿ. ಚೌಕ ಒತ್ತಿದರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಮನೆಯ ಸೂರಿನ ತೊಲೆಗಳಲ್ಲಿ ತ್ರಿಕೋನ ಏಕಿದೆ ಎಂಬ ಪ್ರಶ್ನೆಗೆ ಉತ್ತರ ಮಗುವಿನ ಬೆರಳ ತುದಿಯಲ್ಲೇ ಸಿಗುತ್ತದೆ.

ಹೊಲ, ಗದ್ದೆ, ಬ್ಯಾರನ್

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಿಜವಾಗುವುದು ಈ ವಿಷಯದಲ್ಲಿಯೇ. ಮನೆಯ ಸುತ್ತಲಿನ ಕಸುಬಿನಷ್ಟು ಶ್ರೀಮಂತ ಕಲಿಕಾ ಸಾಮಗ್ರಿ ಬೇರೊಂದಿಲ್ಲ, ಆದರೆ ಅದನ್ನು ಓದು ಎಂದು ಯಾರೂ ಎಣಿಸುವುದಿಲ್ಲ. ಪಹಣಿಯನ್ನು ತೆಗೆಯಿರಿ. ಅದರಲ್ಲಿ ಎಕರೆ, ಗುಂಟೆ ಇದೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ವರ್ಗಮೂಲ ಎಂಬ ಪಾಠ ಬರುವ ಮುಂಚೆಯೇ ಮಗು ಅದರ ಮೇಲೆ ನಡೆದಾಡಿರುತ್ತದೆ. ನೇರ ಬದಿಯ ಒಂದು ಡಬ್ಬಿಯನ್ನು ಬಯಲಲ್ಲಿಟ್ಟು ಮಳೆ ಅಳೆಯಿರಿ. ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಗುಂಟೆಯ ಮೇಲೆ ಸುಮಾರು 101 ಲೀಟರ್ ನೀರು ಬಿದ್ದಂತೆ. ಹಾಗಾದರೆ ನಿನ್ನೆಯ ಮಳೆ ನಮ್ಮ ಹೊಲಕ್ಕೆ ಎಷ್ಟು ಕೊಡ ನೀರು ಕೊಟ್ಟಿತು? ಕೆ.ಆರ್. ನಗರದ ಭತ್ತದ ರೈತನ ಮಗಳಿಗೆ ಇದು ಪುಸ್ತಕದ ಲೆಕ್ಕವಲ್ಲ, ಅಪ್ಪ ದಿನಾ ಹೇಳುವ ಮಾತು.

ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್ನುಗಳಲ್ಲಿ ಹೊಗೆಸೊಪ್ಪು ಬೇಯಿಸುವಾಗ ಶಾಖವನ್ನು ಹಂತಹಂತವಾಗಿ ಏರಿಸುತ್ತಾರೆ. ಎಲೆ ಹಳದಿಯಾಗುವಾಗ ಸುಮಾರು 100 ಡಿಗ್ರಿ ಫ್ಯಾರನ್‌ಹೀಟ್, ಕೊನೆಗೆ ನಡುದಂಟು ಒಣಗುವಾಗ ಸುಮಾರು 160. ಮಗು ಉಷ್ಣಮಾಪಕದ ಅಂಕಿಯನ್ನು ಅಪ್ಪನಿಂದ ಕೇಳಿ ಬರೆದುಕೊಂಡು ನಕ್ಷೆ ಎಳೆಯಲಿ, ಸೆಲ್ಸಿಯಸ್‌ಗೆ ಬದಲಿಸಲಿ. 38ರಿಂದ 71ರವರೆಗಿನ ಆ ಏರಿಕೆಯನ್ನು ಒಮ್ಮೆಲೇ ಮಾಡದೆ ದಿನಗಟ್ಟಲೆ ಎಳೆಯುವುದೇಕೆ ಎಂದು ಕೇಳಲಿ. ಆದರೆ ಮಕ್ಕಳನ್ನು ಸೊಪ್ಪಿನ ಕೆಲಸಕ್ಕೆ ಹಚ್ಚಬಾರದು. ಹಸಿ ತಂಬಾಕು ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿದು ವಾಂತಿ, ತಲೆಸುತ್ತು ತರುತ್ತದೆ. ಕಲಿಕೆಗೆ ಬೇಕಾದದ್ದು ಅಂಕಿ, ಎಲೆಯ ಸ್ಪರ್ಶವಲ್ಲ.

ಮನೆಯ ಕೆಲಸದಲ್ಲೇ ಲೆಕ್ಕ ಬರುತ್ತದೆಯಾದರೆ ನೋಟ್‌ಬುಕ್ಕಿನ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಅಧ್ಯಯನ ಮಾಡಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ಉತ್ತರ ಕೊಡುತ್ತದೆ. ವ್ಯಾಪಾರದ ಕಠಿಣ ಲೆಕ್ಕಗಳನ್ನು ಬಾಯಲ್ಲೇ ಮಾಡುವ ಈ ಮಕ್ಕಳು ಪಠ್ಯದ ಸರಳ ಲೆಕ್ಕದಲ್ಲಿ ಎಡವಿದರು. ಶಾಲೆಯ ಲೆಕ್ಕ ಬಲ್ಲ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಎಡವಿದರು. ಎರಡರ ನಡುವೆ ಸೇತುವೆ ತಾನಾಗಿ ಏಳುವುದಿಲ್ಲ. ಸಂತೆಯ ಲೆಕ್ಕವನ್ನು ಶಾಲೆಯ ಚಿಹ್ನೆಗಳಲ್ಲಿ ಬರೆಯುವುದೂ, ಶಾಲೆಯ ಸೂತ್ರವನ್ನು ಗದ್ದೆಯಲ್ಲಿ ಅಳೆದು ನೋಡುವುದೂ ಆ ಸೇತುವೆ. ಪಟ್ಟಣದ ಕೋಚಿಂಗ್ ಕೊಡಲಾಗದ ಅನುಕೂಲ ಹಳ್ಳಿಮನೆಗೆ ಇರುವುದು ಇಲ್ಲಿಯೇ.

ಪ್ರವೇಶ ಪರೀಕ್ಷೆಗಳ ಮಾತು

‘ಆಳ ಎಲ್ಲ ಸರಿ, ನವೋದಯದ ಪರೀಕ್ಷೆಗೆ ಆಳ ಬೇಕೆ?’ ಎನ್ನುವುದು ಪೋಷಕರ ಅತಿ ದೊಡ್ಡ ಆಕ್ಷೇಪ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಬಡಮನೆಯ ಚುರುಕು ಮಗುವಿಗೆ ಉಚಿತ ಅಥವಾ ಕಡಿಮೆ ಖರ್ಚಿನ ಒಳ್ಳೆಯ ಶಾಲೆ ಸಿಗುವ ಬಾಗಿಲು ಈ ಪರೀಕ್ಷೆಗಳೇ. ಹಾಗಾಗಿ ಪರೀಕ್ಷೆಯೊಳಗೆ ಏನಿದೆ ಎಂದೇ ನೋಡೋಣ. ಜವಾಹರ ನವೋದಯದ 6ನೇ ತರಗತಿ ಪ್ರವೇಶ ಪರೀಕ್ಷೆಯಲ್ಲಿ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಇದರಲ್ಲಿ ಅರ್ಧ, ಅಂದರೆ 50 ಅಂಕ, ಆಕೃತಿಗಳನ್ನು ನೋಡಿ ಯೋಚಿಸುವ ಮಾನಸಿಕ ಸಾಮರ್ಥ್ಯಕ್ಕೆ. ಅಂಕಗಣಿತಕ್ಕೆ 25, ಭಾಷೆಗೆ 25. ಭಾಷೆಯ ಭಾಗದಲ್ಲಿ ಗದ್ಯಭಾಗ ಓದಿ ಉತ್ತರಿಸಬೇಕು, ಕನ್ನಡದಲ್ಲೇ ಬರೆಯಬಹುದು. ಬೆಂಕಿಕಡ್ಡಿಯ ಆಕೃತಿ ಕಟ್ಟಿದ, ಗುಂಟೆ ಲೀಟರುಗಳ ಲೆಕ್ಕ ಮಾಡಿದ, ವಾರಕ್ಕೆರಡು ಕಥೆಪುಸ್ತಕ ಓದಿದ ಮಗು ಈ ಮೂರಕ್ಕೂ ಅರಿವಿಲ್ಲದೆಯೇ ತಯಾರಾಗಿರುತ್ತದೆ. ಆಮೇಲೆ ಬೇಕಾಗುವುದು ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವ ಎರಡು ಮೂರು ತಿಂಗಳ ಅಭ್ಯಾಸ. ಮಗು 5ನೇ ತರಗತಿಯನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು, ಪರೀಕ್ಷೆ ಬರೆಯಲು ಒಂದೇ ಅವಕಾಶ, ಅರ್ಜಿಗೆ ಶುಲ್ಕವಿಲ್ಲ. ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ.

ನವೋದಯ ಒಂದೇ ಬಾಗಿಲಲ್ಲ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಆದರ್ಶ ವಿದ್ಯಾಲಯಗಳು 6ನೇ ತರಗತಿಗೆ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಬುಡಕಟ್ಟು ಮಕ್ಕಳಿಗೆ ಏಕಲವ್ಯ ಮಾದರಿ ವಸತಿ ಶಾಲೆಗಳಿವೆ. ಮನೆಯಿಂದಲೇ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ 8ನೇ ತರಗತಿಯ ಮಕ್ಕಳು ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಬಹುದು. ಕುಟುಂಬದ ವಾರ್ಷಿಕ ವರಮಾನ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಇದನ್ನು ಬಹಳ ಮಂದಿ ಕಡೆಗಣಿಸುತ್ತಾರೆ, ಆದರೆ ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ಓದಿಸಲು ಇದಕ್ಕಿಂತ ನೇರವಾದ ನೆರವು ಕಡಿಮೆ. ‘ಇನ್‌ಸ್ಪೈರ್ ಮಾನಕ್’ ಯೋಜನೆಯಲ್ಲಿ ಮಗುವಿನ ಹೊಸ ಆಲೋಚನೆಯನ್ನು ಶಾಲೆ ಕಳುಹಿಸಿ ಅದು ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಆ ಆಲೋಚನೆ ಎಲ್ಲಿಂದ ಬರಬೇಕು? ಪ್ರಶ್ನೆಗಳ ನೋಟ್‌ಬುಕ್ಕಿನಿಂದಲೇ.

ಉಳಿದ ಅಳುಕುಗಳು

‘ನಮಗೇ ಓದು ಬರದು, ಮಗುವಿಗೆ ಹೇಗೆ ಹೇಳಿಕೊಡುವುದು?’ ಎಂಬುದು ಎರಡನೆಯ ಮಾತು. ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಸಂಗೀತ, ಕ್ರೀಡೆ, ಗಣಿತ, ವಿಜ್ಞಾನಗಳಲ್ಲಿ ಬಹಳ ಎತ್ತರಕ್ಕೇರಿದ 120 ಮಂದಿಯ ಬಾಲ್ಯವನ್ನು ಕೆದಕಿ 1985ರಲ್ಲಿ ಪುಸ್ತಕ ಪ್ರಕಟಿಸಿದರು. ಅವರ ಮೊದಲ ಗುರುಗಳು ಬಹಳ ಮಟ್ಟಿಗೆ ದೊಡ್ಡ ಪಂಡಿತರಲ್ಲ, ಮಗುವಿನ ಜೊತೆ ಪ್ರೀತಿಯಿಂದ ಬೆರೆಯುವ ನೆರೆಹೊರೆಯವರು. ಪಾಂಡಿತ್ಯದ ಗುರು ಬೇಕಾದದ್ದು ಮುಂದೆ, ಬೇರು ಬಿಟ್ಟ ಮೇಲೆ. ಹಾಗಿದ್ದರೆ ಅಕ್ಷರ ಬಾರದ ತಾಯಿಯೂ ಮಗುವಿಗೆ ಕೊಡಬಹುದಾದದ್ದು ಬಹಳ ಇದೆ. ‘ಇವತ್ತು ಏನು ಓದಿದೆ, ನನಗೆ ಅರ್ಥವಾಗುವ ಹಾಗೆ ಹೇಳು’ ಎಂದು ಕೂರಿಸಿಕೊಂಡರೆ ಸಾಕು. ಬೇರೆಯವರಿಗೆ ಬಿಡಿಸಿ ಹೇಳುವಾಗಲೇ ತನಗೆಷ್ಟು ಅರ್ಥವಾಗಿದೆ ಎನ್ನುವುದು ಮಗುವಿಗೆ ತಿಳಿಯುವುದು. ಇದಕ್ಕೆ ಬೈಲಕುಪ್ಪೆಯಲ್ಲಿ ನಮ್ಮ ಕಣ್ಣೆದುರೇ ಸಾಕ್ಷಿಯಿದೆ. ಅಲ್ಲಿನ ಬೌದ್ಧ ವಿಹಾರಗಳ ಅಂಗಳದಲ್ಲಿ ಎಳೆಯ ಭಿಕ್ಷುಗಳು ಒಬ್ಬ ನಿಂತು ಪ್ರಶ್ನೆ ಹಾಕಿ, ಇನ್ನೊಬ್ಬ ಕುಳಿತು ಉತ್ತರ ಕೊಟ್ಟು, ವಾದದಿಂದಲೇ ಶಾಸ್ತ್ರ ಕಲಿಯುತ್ತಾರೆ. ಓದಿದ್ದನ್ನು ಪ್ರಶ್ನೆಗೆ ಒಡ್ಡುವ ಈ ಕ್ರಮಕ್ಕೆ ಜಗಲಿಯೊಂದಿದ್ದರೆ ಸಾಕು.

ಇಂಗ್ಲಿಷಿನ ಚಿಂತೆ ಮೂರನೆಯದು. ಮುಂದಿನ ಓದು ಇಂಗ್ಲಿಷಿನಲ್ಲಿ ಎನ್ನುವುದು ನಿಜವಾದ್ದರಿಂದ ಅದನ್ನು ಬಿಡಿ ಎಂದು ಹೇಳುವುದು ಮಕ್ಕಳಿಗೆ ಮೋಸ. ಆದರೆ ವಿಷಯ ತಿಳಿಯುವ ಮೊದಲು ಭಾಷೆಯ ಗೋಡೆ ಎದ್ದರೆ ಚುರುಕು ಮಗುವೂ ಬಾಯಿಪಾಠಕ್ಕೆ ಇಳಿಯುತ್ತದೆ. ಕನ್ನಡದಲ್ಲಿ ತಿಳಿದದ್ದಕ್ಕೆ ಇಂಗ್ಲಿಷ್ ಹೆಸರು ಸೇರಿಸಿಕೊಳ್ಳುವುದು ಸುಲಭ, ತಿಳಿಯದ್ದನ್ನು ಎರಡು ಭಾಷೆಯಲ್ಲಿ ಉರುಹೊಡೆದರೂ ಅದು ತಿಳಿಯದ್ದೇ. ಹೊಸ ಪದಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಎರಡೂ ಭಾಷೆಯಲ್ಲಿ ಬರೆಯುತ್ತಾ ಹೋದರೆ ವರ್ಷದಲ್ಲಿ ಮಗುವಿನದೇ ಒಂದು ಪುಟ್ಟ ನಿಘಂಟು ತಯಾರಾಗುತ್ತದೆ.

ನಾಲ್ಕನೆಯ ಆಕ್ಷೇಪ ನ್ಯಾಯದ್ದು: ಶಾಲೆಯಲ್ಲಿ ಶಿಕ್ಷಕರ ಕೊರತೆ, ಗ್ರಂಥಾಲಯದಲ್ಲಿ ಪುಸ್ತಕದ ಕೊರತೆ ಇರುವಾಗ ಎಲ್ಲ ಹೊಣೆಯನ್ನೂ ಬಡ ತಂದೆತಾಯಿಗಳ ಮೇಲೆ ಹೊರಿಸುವುದು ಸರಿಯೇ? ಸರಿಯಲ್ಲ. ಮನೆಯ ಪ್ರಯತ್ನ ಸರ್ಕಾರದ ಕರ್ತವ್ಯಕ್ಕೆ ಬದಲಿಯಲ್ಲ. ಆದರೆ ಗ್ರಂಥಾಲಯವನ್ನು ಬಳಸುವವರೇ ಅದಕ್ಕೆ ಪುಸ್ತಕ ಕೇಳುತ್ತಾರೆ, ಬೀರು ತೆರೆಸಿದ ಸಮಿತಿಯೇ ಶಿಕ್ಷಕರನ್ನೂ ಕೇಳುತ್ತದೆ. ಹುಡುಗಿಯರ ವಿಷಯದಲ್ಲಿ ಮಾತ್ರ ಮನೆ ತಾನೇ ಬದಲಾಗಬೇಕು. ಸಂಜೆಯ ಹೊತ್ತು ಮಗನಿಗೆ ಪುಸ್ತಕ, ಮಗಳಿಗೆ ಪಾತ್ರೆ ಎಂದಾದರೆ ಯಾವ ಉಚಿತ ಸಾಮಗ್ರಿಯೂ ಅವಳನ್ನು ತಲುಪುವುದಿಲ್ಲ. 2023ರ ಜೂನಿನಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳ ಪ್ರಯಾಣ ಉಚಿತ. ವರ್ಷಕ್ಕೆರಡು ಸಲ ತಾಯಿ ಮಗಳು ಮೈಸೂರಿಗೆ ಹೋಗಿ ಕಾರಂಜಿಕೆರೆ ಬಳಿಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯವನ್ನೋ ರೈಲು ಸಂಗ್ರಹಾಲಯವನ್ನೋ ನೋಡಿ, ಸಂಜೆಯ ಬಸ್ಸಿಗೆ ಮನೆ ಸೇರಬಹುದು.

ಒಂದು ವಾರದ ಲೆಕ್ಕ

ಇಷ್ಟನ್ನೂ ಒಂದೇ ದಿನ ಹೊತ್ತುಕೊಂಡರೆ ಹದಿನೈದು ದಿನಕ್ಕೆ ಕೈಬಿಟ್ಟುಹೋಗುತ್ತದೆ. ವಾರದಲ್ಲಿ ಎರಡು ಸಂಜೆ ಗ್ರಂಥಾಲಯದ ಪುಸ್ತಕ, ಒಂದು ಸಂಜೆ ಲೆಕ್ಕ ಅಥವಾ ಕೈಕೆಲಸ, ಶನಿವಾರ ಫೋನಿನಲ್ಲಿ ಇಳಿಸಿಕೊಂಡದ್ದು, ಭಾನುವಾರ ಹೊಲದಲ್ಲೋ ಅಂಗಳದಲ್ಲೋ ಅಳೆಯುವ ಕೆಲಸ. ಪ್ರತಿ ಸಲವೂ ಮುಕ್ಕಾಲು ಗಂಟೆ ಸಾಕು. ಉಳಿದ ಹೊತ್ತು ಆಟಕ್ಕೆ ಬಿಡಬೇಕು, ಚುರುಕು ಮಗುವೂ ಮಗುವೇ. ಕೊಳ್ಳುವ ಪಟ್ಟಿಯೂ ಚಿಕ್ಕದು: ನೋಟ್‌ಬುಕ್ಕು, ಒಂದು ಇಂಗ್ಲಿಷ್-ಕನ್ನಡ ನಿಘಂಟು, ಜ್ಯಾಮಿಟ್ರಿ ಪೆಟ್ಟಿಗೆ, ಅಳತೆ ಪಟ್ಟಿ, ಭೂತಗನ್ನಡಿ, ಒಂದು ಉಷ್ಣಮಾಪಕ. ಹೊಗೆಸೊಪ್ಪಿನ ದುಡ್ಡು ಬಂದಾಗಲೋ ಭತ್ತ ಮಾರಿದಾಗಲೋ ಒಂದೊಂದಾಗಿ ಕೊಂಡರೂ ನಡೆಯುತ್ತದೆ.

ಮುಂದಿನ ಬೇಸಿಗೆ ರಜೆಯ ಮೊದಲ ದಿನ ಆ ಪ್ರಶ್ನೆಗಳ ನೋಟ್‌ಬುಕ್ಕನ್ನು ಮಗುವಿನ ಜೊತೆ ಕುಳಿತು ಮೊದಲ ಪುಟದಿಂದ ತಿರುವಿ. ಉತ್ತರ ಸಿಕ್ಕ ಪ್ರಶ್ನೆಗೊಂದು ಗುರುತು ಹಾಕಿ, ಒಂದು ಉತ್ತರದಿಂದ ಹುಟ್ಟಿದ ಹೊಸ ಪ್ರಶ್ನೆಗೆ ಇನ್ನೊಂದು. ಎರಡನೆಯ ಗುರುತು ಪುಟದಿಂದ ಪುಟಕ್ಕೆ ಹೆಚ್ಚುತ್ತಾ ಬಂದಿದ್ದರೆ ಮಗು ಆಳಕ್ಕೆ ಇಳಿಯುತ್ತಿದೆ ಎಂದು ಅರ್ಥ. ಆಗ ಎರಡನೆಯ ನೋಟ್‌ಬುಕ್ಕು ಕೊಂಡು ಕೊಡಿ.